ಸಂಕಪ್ಪ ತೆಗೆದ ಬೋರ್ಡು

ವಾಮಂಜೂರಿನ ಸಂಕಪ್ಪ ಹನ್ನೊಂದು ವರ್ಷ ಮಿಲಿಟರಿಯಲ್ಲಿದ್ದ. ಬಂದೂಕು ಹಿಡಿದದ್ದು ತರಬೇತಿಯ ದಿನಗಳಲ್ಲಿ ಮಾತ್ರ. ಆಮೇಲೆಲ್ಲ ಕೈಯಲ್ಲಿದ್ದದ್ದು ಸ್ಪ್ಯಾನರು. ಸೈನ್ಯದ ಗಾಡಿಗಳನ್ನು ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಅವನು ಮೆಕ್ಯಾನಿಕ್. ಜೀಪು, ಮೂರು ಟನ್ನಿನ ಲಾರಿ, ಗುಡ್ಡ ಕಡಿದು ದಾರಿ ಮಾಡುವ ಬುಲ್ಡೋಜರು, ಯಾವುದನ್ನಾದರೂ ಬಿಚ್ಚಿ ನೆಲದ ಮೇಲೆ ಹರಡಿ, ಒಂದು ನಟ್ಟೂ ಉಳಿಯದಂತೆ ಮತ್ತೆ ಜೋಡಿಸಬಲ್ಲವನು. 1958ರಲ್ಲಿ ಹವಾಲ್ದಾರನಾಗಿ ನಿವೃತ್ತನಾಗಿ ಊರಿಗೆ ಬಂದಾಗ ಅವನಿಗೆ ಮೂವತ್ತೆರಡು ವರ್ಷ.

ಮಿಲಿಟರಿಯ ಒಂದು ಕತೆಯನ್ನು ಅವನು ಯಾರು ಸಿಕ್ಕಿದರೂ ಹೇಳುತ್ತಿದ್ದ. ಪಠಾಣ್‌ಕೋಟಿನಲ್ಲಿದ್ದಾಗ ಒಂದು ಲಾರಿಯ ಬ್ರೇಕಿನ ಪೈಪು ಸೋರುತ್ತಿತ್ತು. ಸಂಕಪ್ಪ ಲಾರಿಯ ಮೂತಿಗೆ ಕೆಂಪು ಬೋರ್ಡು ತೂಗಹಾಕಿದ. ಆ ಬೋರ್ಡು ಬಿದ್ದ ಗಾಡಿಯನ್ನು ಮೆಕ್ಯಾನಿಕ್ ಸರಿ ಎನ್ನುವ ತನಕ ಯಾರೂ ಮುಟ್ಟುವಂತಿಲ್ಲ, ಅದು ಅಲ್ಲಿನ ಕಾನೂನು. ಅಷ್ಟರಲ್ಲಿ ಕರ್ನಲ್ ಸಾಹೇಬರು ಬಂದು, ಪರೇಡಿಗೆ ಒಂದು ಗಾಡಿ ಕಡಿಮೆ ಬೀಳುತ್ತದೆ, ಬೋರ್ಡು ತೆಗೆ ಎಂದರು. ಸಂಕಪ್ಪ ಸೆಲ್ಯೂಟ್ ಹೊಡೆದು, "ತೆಗೆಯುವುದಿಲ್ಲ ಸಾಬ್" ಎಂದ. ಸಾಹೇಬರು ಅವನನ್ನು ಅಡಿಯಿಂದ ಮುಡಿಯ ತನಕ ನೋಡಿ ಹೊರಟುಹೋದರು. ಪರೇಡಿನಲ್ಲಿ ಒಂದು ಗಾಡಿ ಕಡಿಮೆಯೇ ಓಡಿತು.

"ಕರ್ನಲ್ ಹೇಳಿದರೂ ತೆಗೆಯಲಿಲ್ಲ ನಾನು," ಎಂದು ಅವನು ಕತೆ ಮುಗಿಸುತ್ತಿದ್ದ. ಹೆಂಡತಿ ಉಮಾವತಿಗೆ ಈ ಕತೆ ಬಾಯಿಪಾಠ.

ಊರಿಗೆ ಬಂದ ಮೇಲೆ ಕೆಲವು ತಿಂಗಳು ಬಸ್ಸಿನ ಗ್ಯಾರೇಜೊಂದರಲ್ಲಿ ದುಡಿದ. ಅಲ್ಲಿ ಮಾಲಕರಿಗೂ ಅವನಿಗೂ ಸರಿಬರಲಿಲ್ಲ. ಆಗ ಅವನನ್ನು ಕರೆದವನು ಪಿಯುಸ್. ಮಣ್ಣು ಕಡಿಯುವ, ಜಾಗ ಸಮತಟ್ಟು ಮಾಡುವ ಕೆಲಸಗಳನ್ನು ಕಂತ್ರಾಟು ಹಿಡಿಯುತ್ತಿದ್ದ ಪಿಯುಸ್, ಸೈನ್ಯದವರು ಹರಾಜು ಹಾಕಿದ ಒಂದು ಬುಲ್ಡೋಜರನ್ನೂ ಎರಡು ಲಾರಿಗಳನ್ನೂ ಪುಣೆಯಿಂದ ತರಿಸಿಕೊಂಡಿದ್ದ. ಯುದ್ಧಕಾಲದ, ಚಕ್ರದ ಬದಲು ಕಬ್ಬಿಣದ ಚೈನುಗಳ ಮೇಲೆ ಉರುಳುವ ಬುಲ್ಡೋಜರು. ಮೇಲೆ ಹಳದಿ ಬಣ್ಣ ಬಳಿದಿದ್ದರೂ ಗೀರಿದಲ್ಲೆಲ್ಲ ಒಳಗಿನ ಮಿಲಿಟರಿ ಹಸಿರು ಕಾಣುತ್ತಿತ್ತು. ಅದನ್ನು ಮೊದಲ ಸಲ ನೋಡಿದಾಗ ಸಂಕಪ್ಪನಿಗೆ ದೂರದ ಊರಿನಲ್ಲಿ ಪರಿಚಯದವರು ಸಿಕ್ಕಿದಷ್ಟು ಖುಷಿಯಾಯಿತು. ಇಂಥದ್ದೇ ಒಂದನ್ನು ಅವನು ಜಮ್ಮುವಿನ ದಾರಿಯಲ್ಲಿ ಚಳಿಗಾಲದುದ್ದಕ್ಕೂ ನಿಲ್ಲದೆ ಓಡುವಂತೆ ನೋಡಿಕೊಂಡಿದ್ದ.

"ನಿಮ್ಮ ಕೈಗೆ ಬಿಟ್ಟಿದ್ದೇನೆ ಸಂಕಪ್ಪ," ಎಂದ ಪಿಯುಸ್. "ಇದು ನಿಂತರೆ ನಾನೂ ನಿಂತೆ."

ಸಂಕಪ್ಪ ಮೊದಲು ಮಾಡಿದ ಕೆಲಸ, ಸೀಮೆಎಣ್ಣೆ ಡಬ್ಬಿಯ ತಗಡನ್ನು ಕತ್ತರಿಸಿ, ಕೆಂಪು ಬಣ್ಣ ಬಳಿದು, ಬಿಳಿ ಅಕ್ಷರಗಳಲ್ಲಿ 'ಓಡಿಸಬಾರದು' ಎಂದು ಬರೆದದ್ದು. ಪಿಯುಸ್ ನಕ್ಕ. ಆದರೆ ಬೋರ್ಡು ಬಿದ್ದ ದಿನ ಗಾಡಿ ಮುಟ್ಟಬಾರದೆಂದು ಎಲ್ಲರಿಗೂ ಹೇಳಿದ. ಐದು ವರ್ಷ ಆ ಮಾತು ನಡೆಯಿತು.

ಅದೇ ಕೆಲಸದಲ್ಲಿ ಮಣ್ಣು ಹೊರುತ್ತಿದ್ದವನು ಮಾಯಿಲಪ್ಪ. ಅವನೂ ವಾಮಂಜೂರಿನವನೇ. ಆದರೆ ಗದ್ದೆಗಳ ಆಚೆ, ಗುಡ್ಡದ ಬದಿಯ ಕೇರಿಯವನು. ಸಂಕಪ್ಪನ ಹಿರಿಯರ ಗದ್ದೆಯಲ್ಲಿ ಅವನ ಹಿರಿಯರು ಉತ್ತವರು. ಸಂಕಪ್ಪನ ಮನೆಯ ಅಂಗಳದ ಅಂಚಿನಲ್ಲಿ ನಿಂತು ಮಾತಾಡುವುದು ಅವರ ಪದ್ಧತಿ. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲರೂ ನೆರಳಿಗೆ ಹೋದರೆ ಮಾಯಿಲಪ್ಪ ಮಾತ್ರ ಬುಲ್ಡೋಜರಿನ ಹತ್ತಿರ ಕೂತು, ಸಂಕಪ್ಪ ಕೈಯಾಡಿಸುವುದನ್ನೇ ನೋಡುತ್ತಿದ್ದ. ಒಂದು ದಿನ ಸಂಕಪ್ಪ ಬೇಕೆಂದೇ ಕೇಳಿದ, "ಇದು ಎಂತ, ಗೊತ್ತುಂಟಾ?"

"ಇದು ಕ್ಲಚ್ಚಿನ ಹಿಡಿ ಧಣಿ. ಇದನ್ನು ಹಿಂದೆ ತೆಗೆದ ಮೇಲೆಯೇ ಗೇರು ಬದಲಿಸುವುದು. ಆಗ ಎರಡೂ ಕಾಲು ಬ್ರೇಕಿನ ಮೇಲಿರಬೇಕು," ಎಂದ ಮಾಯಿಲಪ್ಪ. ಯಾರೂ ಹೇಳಿಕೊಟ್ಟದ್ದಲ್ಲ. ನೋಡಿಯೇ ಕಲಿತದ್ದು.

ಸಂಕಪ್ಪ ಅವನನ್ನು ಮೇಲೆ ಹತ್ತಿಸಿದ. ನಾಲ್ಕು ತಿಂಗಳಲ್ಲಿ ಮಾಯಿಲಪ್ಪ ಎಂಟು ಟನ್ನಿನ ಆ ಯಂತ್ರವನ್ನು ಅಂಗಳ ಗುಡಿಸಿದಷ್ಟು ನಯವಾಗಿ ಓಡಿಸತೊಡಗಿದ. ಕೆಲವರಿಗೆ ಅದು ಹಿಡಿಸಲಿಲ್ಲ. ಅವರ ಜನ ಮೇಲೆ ಕೂತು ನಾವು ಕೆಳಗೆ ಕಲ್ಲು ಹೆಕ್ಕುವುದಾ ಎಂದು ಇಬ್ಬರು ಕೆಲಸ ಬಿಟ್ಟರು. "ಬಿಟ್ಟು ಹೋಗಲಿ. ಮಿಲಿಟರಿಯಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡವರು ನಾವು," ಎಂದ ಸಂಕಪ್ಪ. ಮಾಯಿಲಪ್ಪನಿಗೂ ಹೇಳಿದ, "ಇನ್ನು ಮೇಲೆ ಧಣಿ ಗಿಣಿ ಬೇಡ. ಸಂಕಪ್ಪಣ್ಣ ಅಂತ ಕರಿ." ಮಾಯಿಲಪ್ಪನಿಗೆ ಆ ಹೆಸರು ಬಾಯಿಗೆ ಬರಲು ತಿಂಗಳುಗಳೇ ಬೇಕಾದವು. ಬಂದ ದಿನ ಅವನು ನಾಚಿ ಮುಖ ಆಚೆ ತಿರುಗಿಸಿದ್ದು ಸಂಕಪ್ಪನಿಗೆ ನೆನಪಿತ್ತು.

ಮಾಯಿಲಪ್ಪನ ಹೆಂಡತಿ ಜಯ. ಅವಳ ತವರು ಕಾವೂರಿನ ಕೆರೆಯ ಆಚೆ. ಅವಳಿಗೆ ದುಗ್ಗಪ್ಪ ಎಂಬ ಒಬ್ಬನೇ ತಮ್ಮ. ಮದುವೆ ವಯಸ್ಸಿಗೆ ಬಂದವನು, ಗಟ್ಟಿಮುಟ್ಟಾದ ಆಳು. ಕಾವೂರಿನ ಹತ್ತಿರವೇ ಗುಡ್ಡ ಕಡಿಯುವ ಕೆಲಸ ಪಿಯುಸ್‌ಗೆ ಸಿಕ್ಕಿದಾಗ ಮಾಯಿಲಪ್ಪನೇ ಅವನನ್ನು ಕರೆತಂದು ಕೆಲಸಕ್ಕೆ ಸೇರಿಸಿದ. ಬಾವ ಯಂತ್ರದ ಮೇಲೆ, ಬಾವಮೈದ ಕೆಳಗೆ. ಊಟದ ಹೊತ್ತಿಗೆ ಇಬ್ಬರೂ ಒಂದೇ ಬುತ್ತಿಯಲ್ಲಿ ಉಣ್ಣುತ್ತಿದ್ದರು.

ಅದು 1964ರ ಮೇ ತಿಂಗಳು. ಗುಡ್ಡದ ಮಣ್ಣನ್ನು ಲಾರಿಗಳಲ್ಲಿ ಸಾಗಿಸಿ ತಗ್ಗಿನ ಜಾಗವೊಂದನ್ನು ಮಳೆ ಹಿಡಿಯುವ ಮೊದಲು ತುಂಬಿಸಿ ಕೊಡಬೇಕಿತ್ತು. ಒಂದು ಸೋಮವಾರ ಸಂಕಪ್ಪ ಬುಲ್ಡೋಜರಿನ ಹಿಂಬದಿ ಬಿಚ್ಚಿ ನೋಡಿದ. ಎರಡೂ ಕಡೆಯ ಬ್ರೇಕಿನಲ್ಲಿ ಒತ್ತಿ ಹಿಡಿಯುವ ಪಟ್ಟಿ, ಲೈನಿಂಗು, ತೇದು ಒಳಗಿನ ರಿವೆಟ್ಟುಗಳು ಕಾಣುತ್ತಿದ್ದವು. ಸಾಲದ್ದಕ್ಕೆ ಮೇಲಿಂದ ಎಣ್ಣೆ ಜಿನುಗಿ ಲೈನಿಂಗು ನೆನೆದಿತ್ತು. ಅವನು ಎದ್ದು ಹೋಗಿ ಕೆಂಪು ತಗಡನ್ನು ತಂದು ತೂಗಹಾಕಿದ.

ಹೊಸ ಲೈನಿಂಗು ಮದ್ರಾಸಿನಿಂದ ಬರಬೇಕು. ಹತ್ತು ದಿನವಾದರೂ ಆಗುತ್ತದೆ. ಪಿಯುಸ್ ತಂತಿ ಕಳಿಸಿದ. ಬುಧವಾರ ಸಂಜೆ, ಕೆಲಸದವರೆಲ್ಲ ಹೋದ ಮೇಲೆ, ಶೆಡ್ಡಿಗೆ ಬಂದ. ಮುಖ ಬಾಡಿತ್ತು.

"ಎಂಟು ದಿನದ ಕೆಲಸ ಮಾರಾಯ್ರೆ," ಎಂದ. "ಎಂಟೇ ದಿನ. ಮಳೆ ಬಿದ್ದರೆ ಲಾರಿ ಇಳಿಯುವುದಿಲ್ಲ, ಗುಡ್ಡ ಹಾಗೇ ಜರಿದು ಕೆಳಗಿನ ಮನೆಗಳ ಮೇಲೆ ಬರ್ತದೆ. ಎಂತ ಮಾಡುವುದು ಹೇಳಿ."

"ಲೈನಿಂಗು ಇಲ್ಲದೆ ಎಂತ ಮಾಡ್ಲಿಕ್ಕೂ ಆಗುವುದಿಲ್ಲ."

"ಬಿಗಿ ಮಾಡಿದರೆ?"

ಸಂಕಪ್ಪ ಮತ್ತೊಮ್ಮೆ ಬ್ರೇಕಿನ ಸ್ಕ್ರೂ ನೋಡಿದ. ಬಿಗಿ ಮಾಡಲು ಇನ್ನೂ ನಾಲ್ಕು ಸುತ್ತು ಇತ್ತು. ಪೆಟ್ರೋಲಿನಿಂದ ಎಣ್ಣೆ ತೊಳೆದು, ಸ್ಕ್ರೂವನ್ನು ಕೊನೆಯ ತನಕ ತಿರುಗಿಸಿದರೆ ಹಿಡಿದೀತು. ಹಿಡಿಯದೆಯೂ ಇದ್ದೀತು.

"ನಾನು ತೆಗೆ ಅಂತ ಹೇಳುವುದಿಲ್ಲ," ಎಂದ ಪಿಯುಸ್. "ನಿಮಗಿಂತ ಹೆಚ್ಚು ನನಗೆ ಗೊತ್ತಿಲ್ಲ. ನೀವು ಓಡ್ತದೆ ಅಂದರೆ ಓಡಿಸುವ, ಇಲ್ಲ ಅಂದರೆ ಬೇಡ."

ಗದರಿಸಿದ್ದರೆ ಸಂಕಪ್ಪ ತೆಗೆಯುತ್ತಿರಲಿಲ್ಲ. ಕರ್ನಲ್ ಸಾಹೇಬರಂತೆ ಅಪ್ಪಣೆ ಮಾಡಿದ್ದರೂ ತೆಗೆಯುತ್ತಿರಲಿಲ್ಲ. ಪಿಯುಸ್ ಬೇಡಿಕೊಂಡ, ಅಷ್ಟೇ ಅಲ್ಲ, ನಿಮ್ಮ ಕೈಯಿಂದ ಆಗದ್ದು ಇಲ್ಲ ಎನ್ನುವ ಹಾಗೆ ನೋಡಿದ. ಸಂಕಪ್ಪ ಆ ಸಂಜೆಯೇ ಬ್ರೇಕು ತೊಳೆದು, ಕೊನೆಯ ಸುತ್ತಿನ ತನಕ ಬಿಗಿಮಾಡಿ, ತನ್ನ ಕೈಯಾರೆ ಬೋರ್ಡು ತೆಗೆದು ಶೆಡ್ಡಿನಲ್ಲಿಟ್ಟ. ಸಪಾಟು ನೆಲದಲ್ಲಿ ಒಮ್ಮೆ ಓಡಿಸಿ ನೋಡಿದ. ಹಿಡಿಯಿತು. ಇಳಿಜಾರಿನಲ್ಲಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಮಾಯಿಲಪ್ಪ ಎಲ್ಲರಿಗಿಂತ ಮೊದಲು ಬಂದ.

"ಬೋರ್ಡು ಇಲ್ಲ, ಸಂಕಪ್ಪಣ್ಣ?"

"ನಾನೇ ತೆಗೆದದ್ದು. ಬಿಗಿ ಮಾಡಿದ್ದೇನೆ. ಓಡಿಸು. ಏರಿನಲ್ಲಿ ಮಾತ್ರ ಸ್ವಲ್ಪ ನೋಡಿಕೊಂಡು ಹೋಗು, ಆಯ್ತಾ?"

"ಆಯ್ತು," ಎಂದ ಮಾಯಿಲಪ್ಪ. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಸಂಕಪ್ಪಣ್ಣ ಸರಿ ಎಂದ ಮೇಲೆ ಕೇಳಲು ಎಂತದ್ದೂ ಇರಲಿಲ್ಲ.

ಒಂಬತ್ತೂವರೆಯ ಹೊತ್ತಿಗೆ ಯಂತ್ರ ಏರಿನ ಅರ್ಧದಲ್ಲಿತ್ತು. ಮಣ್ಣಿನ ಭಾರಕ್ಕೆ ಎಂಜಿನ್ನು ಏದುಸಿರು ಬಿಡತೊಡಗಿದಾಗ ಮಾಯಿಲಪ್ಪ ಗೇರು ಬದಲಿಸಲೆಂದು ಕ್ಲಚ್ಚು ಬಿಡಿಸಿ ಎರಡೂ ಬ್ರೇಕು ಒತ್ತಿದ. ಬ್ರೇಕು ಹಿಡಿಯಲಿಲ್ಲ. ಯಂತ್ರ ಹಿಂದಕ್ಕೆ ಜಾರಿತು. ಅವನು ಮುಂದಿನ ಬ್ಲೇಡನ್ನು ನೆಲಕ್ಕೆ ಕೆಡವಿದ, ಕೂಗಿದ. ಬ್ಲೇಡು ಮಣ್ಣನ್ನು ಕೆರೆಯುತ್ತ ಕೆರೆಯುತ್ತ ಯಂತ್ರವನ್ನು ಕೊನೆಗೂ ನಿಲ್ಲಿಸಿತು. ಆದರೆ ಕೆಳಗೆ ಬೆನ್ನು ಹಾಕಿ ಕಲ್ಲು ಸರಿಸುತ್ತಿದ್ದ ದುಗ್ಗಪ್ಪ ಒಂದು ಬದಿಯ ಚೈನಿನ ಅಡಿಗೆ ಬಿದ್ದಾಗಿತ್ತು. ಲಾರಿಗೆ ಮಣ್ಣು ಬೀಳುವ ಸದ್ದಿನಲ್ಲಿ ಬಾವನ ಕೂಗು ಅವನಿಗೆ ಕೇಳಿಸಿರಲಿಲ್ಲ.

ಸಂಕಪ್ಪ ಶೆಡ್ಡಿನಿಂದ ಓಡಿ ಬಂದಾಗ ಮಾಯಿಲಪ್ಪ ಮಣ್ಣಿನಲ್ಲಿ ಮೊಣಕಾಲೂರಿ ದುಗ್ಗಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ದುಗ್ಗಪ್ಪನಲ್ಲಿ ಜೀವ ಇರಲಿಲ್ಲ. ಸಂಕಪ್ಪನ ಕಣ್ಣು ಅವರಿಬ್ಬರಿಂದ ತಪ್ಪಿಸಿಕೊಂಡು ಏರಿನ ಕಡೆ ಹೋಯಿತು. ಕೆಂಪು ಮಣ್ಣಿನಲ್ಲಿ ಹನ್ನೆರಡು ಅಡಿ ಉದ್ದಕ್ಕೆ ಬ್ಲೇಡು ಕೆರೆದ ಆಳವಾದ ಗೀರು. ಯಂತ್ರದ ಕೆಲಸ ತಿಳಿದ ಯಾರಿಗಾದರೂ ಆ ಗೀರು ಸಾಕಿತ್ತು. ಓಡಿಸುವವನು ಎಚ್ಚರವಾಗಿದ್ದ, ಕ್ಷಣವೂ ತಡಮಾಡದೆ ಮಾಡಬೇಕಾದ್ದನ್ನೆಲ್ಲ ಮಾಡಿದ, ಬ್ರೇಕೇ ಇರಲಿಲ್ಲ. ಅಷ್ಟನ್ನೂ ಆ ಮಣ್ಣು ಹೇಳುತ್ತಿತ್ತು.

ಪೊಲೀಸರು ಬರುವ ಮೊದಲು ಪಿಯುಸ್ ಅವನನ್ನು ಶೆಡ್ಡಿನೊಳಗೆ ಕರೆದ.

"ಬೋರ್ಡು ಹಾಕಿದ್ದಿರಲ್ಲ ನೀವು? ಮೂರು ದಿನ ಇತ್ತಲ್ಲ? ಇತ್ತು ಅಂತ ಮಾತ್ರ ಹೇಳಿ. ಅದು ಸುಳ್ಳಲ್ಲ. ಇಲ್ಲದಿದ್ದರೆ ನಾವಿಬ್ಬರೂ ಜೈಲಿಗೆ."

ಸಬ್ ಇನ್‌ಸ್ಪೆಕ್ಟರಿಗೆ ಯಂತ್ರದ ವಿಷಯ ಏನೂ ತಿಳಿಯದು. ಮಿಲಿಟರಿಯಿಂದ ಬಂದ ಮೆಕ್ಯಾನಿಕ್ ಎಂದು ಕೇಳಿ ಸಂಕಪ್ಪನಿಗೆ ಕುರ್ಚಿ ಕೊಟ್ಟರು.

"ಗಾಡಿ ಕೆಟ್ಟಿದೆ ಅಂತ ಬೋರ್ಡು ಹಾಕಿದ್ದಿರಾ?"

"ಹಾಕಿದ್ದೆ ಸಾರ್."

"ತೆಗೆದವರು ಯಾರು?"

ಸಂಕಪ್ಪ ಬಾಯಿ ತೆರೆದ. ಜೈಲಿನ ಹೆದರಿಕೆ ಇರಲಿಲ್ಲವೆಂದಲ್ಲ. ಉಮಾವತಿಗೆ ಏಳು ತಿಂಗಳು ತುಂಬಿತ್ತು. ಆದರೆ ಅವನನ್ನು ತಡೆದದ್ದು ಬೇರೊಂದು. 'ನಾನೇ ತೆಗೆದೆ' ಎಂದು ಹೇಳಿದರೆ ಪಠಾಣ್‌ಕೋಟಿನ ಸಂಕಪ್ಪ ಅಲ್ಲಿಗೆ ಮುಗಿದ. ಊರಿನಲ್ಲಿ ಮತ್ತೆ ತಲೆಯೆತ್ತಿ ನಡೆಯುವುದು ಹೇಗೆ?

"ನಾನು ನೋಡಿಲ್ಲ," ಎಂದ.

ಮಾಯಿಲಪ್ಪ ಹತ್ತು ಮಾರು ದೂರದಲ್ಲಿ ಕಾನ್‌ಸ್ಟೇಬಲಿನ ಪಕ್ಕ ಕೂತಿದ್ದ. ಅವನು ತಲೆಯೆತ್ತಿ ಒಮ್ಮೆ ಸಂಕಪ್ಪನನ್ನು ನೋಡಿದ. ಸಿಟ್ಟಿನ ನೋಟವಲ್ಲ. ಕೇಳಿದ್ದು ಸರಿಯಾಗಿ ಕೇಳಿಸಿತೇ ಎಂದು ಅನುಮಾನವಾದವನ ನೋಟ. ಸಂಜೆಯ ಹೊತ್ತಿಗೆ, ಮಳೆ ಬಂದರೆ ನೀರು ನಿಲ್ಲುತ್ತದೆಂದು ಪಿಯುಸ್ ಆ ಗೀರಿಗೆ ಮಣ್ಣು ತುಂಬಿಸಿದ.

ಕೋರ್ಟಿನಲ್ಲಿ ಅದೇ ಮಾತನ್ನು ಸಂಕಪ್ಪ ಇನ್ನೊಮ್ಮೆ ಹೇಳಬೇಕಾಯಿತು. "ಸಂಕಪ್ಪಣ್ಣ ಓಡಿಸಲು ಹೇಳಿದರು, ಅವರೇ ಬೋರ್ಡು ತೆಗೆದದ್ದು," ಎಂದು ಮಾಯಿಲಪ್ಪ ಹೇಳಿದ್ದನ್ನು ವಕೀಲರು ಓದಿ, ನಿಜವೇ ಎಂದು ಕೇಳಿದರು. ಅಲ್ಲ ಎಂದ ಸಂಕಪ್ಪ. ಮಾಯಿಲಪ್ಪ ಬೆಳಿಗ್ಗೆಯೇ ಕಳ್ಳು ಕುಡಿದು ಬಂದಿದ್ದನೆಂದು ಯಾರೋ ಹಬ್ಬಿಸಿದರು. ಅವನು ಕಳ್ಳು ಮುಟ್ಟುವವನಲ್ಲವೆಂದು ಗೊತ್ತಿದ್ದ ಸಂಕಪ್ಪ ಅದಕ್ಕೂ ಸುಮ್ಮನಿದ್ದ. ಅಂಥವರನ್ನು ಯಂತ್ರದ ಮೇಲೆ ಕೂರಿಸಿದರೆ ಇನ್ನೇನಾಗುತ್ತದೆ ಎಂದು ಹಿಂದೆ ಕೆಲಸ ಬಿಟ್ಟುಹೋದವರು ಹೋಟೆಲಿನಲ್ಲಿ ಮಾತಾಡಿಕೊಂಡರು. ಮಾಯಿಲಪ್ಪನಿಗೆ ಆರು ತಿಂಗಳ ಸಜೆಯಾಯಿತು.

ಗಂಡ ಕುಡಿದು ತನ್ನ ತಮ್ಮನ ಮೇಲೆ ಯಂತ್ರ ಹರಿಸಿದ ಎಂದು ನಂಬಿದ ಜಯ, ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಕಾವೂರಿಗೆ ತಾಯಿಯ ಮನೆಗೆ ಹೋದಳು. ಅವನು ಜೈಲಿನಿಂದ ಬಂದ ಮೇಲೂ ಮರಳಲಿಲ್ಲ.

ಸಂಕಪ್ಪ ಪಿಯುಸ್‌ನ ಕೆಲಸ ಬಿಟ್ಟ. ಒಂದೆರಡು ವರ್ಷದಲ್ಲಿ ಪಿಯುಸ್ ಕೂಡ ಎಲ್ಲವನ್ನೂ ಮಾರಿ ಬೊಂಬಾಯಿಗೆ ಮಗಳ ಹತ್ತಿರ ಹೋದ. ಸಂಕಪ್ಪ ಬಂದರಿನಲ್ಲಿ ಜಮಾಲುದ್ದೀನ್ ಸಾಹೇಬರ ಲಾರಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಹಳೆಯ ಮಿಲಿಟರಿ ಲಾರಿಗಳೇ ಅಲ್ಲಿಯೂ ಇದ್ದದ್ದು. ಕೆಲಸ ಮೊದಲಿನಷ್ಟೇ ಚೊಕ್ಕ. ಆದರೆ ಪಠಾಣ್‌ಕೋಟಿನ ಕತೆಯನ್ನು ಅವನು ಆಮೇಲೆ ಯಾರಿಗೂ ಹೇಳಲಿಲ್ಲ. ಒಮ್ಮೆ ಉಮಾವತಿಯೇ, ಬಂದ ನೆಂಟರ ಮುಂದೆ, "ಆ ಕರ್ನಲಿನ ಕತೆ ಹೇಳಿ" ಎಂದಾಗ ಎದ್ದು ಹೊರಗೆ ಹೋಗಿಬಿಟ್ಟ. ಅವಳಿಗೆ ಕಾರಣ ತಿಳಿಯಲಿಲ್ಲ.

ಮೂರು ವರ್ಷ ಹೀಗೆ ಹೋಯಿತು.

1967ರ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಬಂದರಿನಿಂದ ಪೇಟೆಗೆ ಏರುವ ರಸ್ತೆಯಲ್ಲಿ ಸಾಹೇಬರ ಲಾರಿಯೊಂದು ಕೆಟ್ಟು ನಿಂತಿತು. ಸಂಕಪ್ಪ ಹೋಗಿ ಹ್ಯಾಂಡ್‌ಬ್ರೇಕು ಎಳೆದು, ಚೀಲ ಹಾಸಿ ಅಡಿಗೆ ನುಸುಳಿದ. ಅವಸರದಲ್ಲಿ ಚಕ್ರಗಳಿಗೆ ಕಲ್ಲು ಕೊಡಲು ಮರೆತಿದ್ದ. ಸ್ವಲ್ಪ ಹೊತ್ತಿನಲ್ಲಿ ಹಿಂದಿನ ಚಕ್ರದ ಬುಡಕ್ಕೆ ಯಾರೋ ಕಲ್ಲು ಸೇರಿಸಿ ಕಾಲಿನಿಂದ ಒದ್ದು ಗಟ್ಟಿಮಾಡುವುದು ಕೇಳಿಸಿತು. ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ. ಸಂಕಪ್ಪ ಕತ್ತು ಹೊರಳಿಸಿ ನೋಡಿದ. ಅಕ್ಕಿಮೂಟೆ ಹೇರಿದ ಕೈಗಾಡಿ ಬದಿಯಲ್ಲಿ ನಿಂತಿತ್ತು. ಅದರ ಪಕ್ಕ ಬಗ್ಗಿ ನಿಂತವನು ಮಾಯಿಲಪ್ಪ. ತಲೆಗೂದಲು ಅರ್ಧ ನರೆತಿತ್ತು.

ಕಣ್ಣಿಗೆ ಕಣ್ಣು ಕೂಡಿತು. ಅಡಿಯಲ್ಲಿರುವುದು ಯಾರೆಂದು ಅವನಿಗೆ ಮೊದಲೇ ಗೊತ್ತಿತ್ತೋ, ಆಗಷ್ಟೇ ಗೊತ್ತಾಯಿತೋ, ಹೇಳುವಂತಿರಲಿಲ್ಲ.

"ಇಳಿಜಾರು ಉಂಟು ಧಣಿ," ಎಂದ ಮಾಯಿಲಪ್ಪ. ಕೈಗಾಡಿ ದೂಡಿಕೊಂಡು ಹೋದ.

ಸಂಕಪ್ಪ ಲಾರಿಯ ಅಡಿಯಲ್ಲಿಯೇ ಬಹಳ ಹೊತ್ತು ಮಲಗಿದ್ದ. ಏನಾಯಿತೆಂದು ಡ್ರೈವರು ಬಗ್ಗಿ ಕರೆದಾಗ, ಕಣ್ಣಿಗೆ ಎಣ್ಣೆ ಬಿತ್ತು ಎಂದ.

ಆ ದಿನ ಮಧ್ಯಾಹ್ನ ಮನೆಗೆ ಬಂದವನೇ ಉಮಾವತಿಗೆ ಎಲ್ಲವನ್ನೂ ಹೇಳಿದ. ಅವಳು ಮಗುವಿಗೆ ಅನ್ನ ಕಲಸುತ್ತಿದ್ದಳು. ಕೈ ನಿಂತಿತು.

"ಆಗ ನಾನು ಬಸುರಿ, ಹೆದರಿದಿರಿ ಅಂತ ಇಟ್ಟುಕೊಳ್ಳುವ," ಎಂದಳು ಕೊನೆಗೆ. "ಮಗು ಹುಟ್ಟಿ ಮೂರು ವರ್ಷ ಆಯ್ತಲ್ಲ. ಇಷ್ಟು ದಿನ ಎಂತದ್ದಕ್ಕೆ ಹೆದರಿದ್ದು?"

ಭಾನುವಾರ ಅವನು ಗದ್ದೆ ದಾಟಿ ಗುಡ್ಡದ ಬದಿಯ ಕೇರಿಗೆ ಹೋದ. ಹುಟ್ಟಿ ಬೆಳೆದ ಊರು; ಆದರೆ ಆ ಕಡೆ ಕಾಲಿಟ್ಟದ್ದು ಅದೇ ಮೊದಲು. ಮಾಯಿಲಪ್ಪ ಜಗಲಿಯಲ್ಲಿ ಕೂತು ಬುಟ್ಟಿ ಹೆಣೆಯುತ್ತಿದ್ದ. ಎದ್ದು ನಿಂತ. ಕೂರಲು ಹೇಳಲಿಲ್ಲ.

"ತಪ್ಪು ನನ್ನದು," ಎಂದ ಸಂಕಪ್ಪ. ಇಡೀ ದಾರಿ ಕೂಡಿಸಿಕೊಂಡು ಬಂದ ಮಾತುಗಳಲ್ಲಿ ಉಳಿದದ್ದು ಅಷ್ಟೇ. "ಬೋರ್ಡು ತೆಗೆದದ್ದು ನಾನು. ನೀನು ಮಾಡಬೇಕಾದ್ದೆಲ್ಲ ಮಾಡಿದ್ದಿ. ಬ್ಲೇಡು ಕೆರೆದ ಗುರುತು ನಾನು ನೋಡಿದ್ದೇನೆ."

ಮಾಯಿಲಪ್ಪ ಬುಟ್ಟಿಯ ಅಂಚನ್ನು ಬೆರಳಿನಿಂದ ಒತ್ತುತ್ತ ನಿಂತಿದ್ದ.

"ಇದನ್ನು ನನಗೆ ಹೇಳಿ ಎಂತ ಪ್ರಯೋಜನ ಧಣಿ? ನನಗೆ ಗೊತ್ತುಂಟಲ್ಲ. ಗೊತ್ತಿಲ್ಲದವರು ಬೇರೆ ಇದ್ದಾರೆ."

"ಯಾರಿಗೆ ಹೇಳಬೇಕು, ಹೇಳು. ಹೇಳ್ತೇನೆ."

"ಅವನ ಅಮ್ಮನಿಗೆ ಹೇಳಿ. ಜಯಳಿಗೆ ಹೇಳಿ. ನಾನು ಸಾವಿರ ಸಲ ಹೇಳಿದ್ದೇನೆ. ಕೋರ್ಟು ನಂಬದ್ದನ್ನು ಅವರು ನಂಬುವುದು ಹೇಗೆ?"

ಸಂಕಪ್ಪ ಅಲ್ಲಿಂದ ನೇರ ಕಾವೂರಿಗೆ ನಡೆದ. ಮಾಯಿಲಪ್ಪ ಜೊತೆಗೆ ಬರಲಿಲ್ಲ. ಕೆರೆಯ ಆಚೆ ಮುಳಿಹುಲ್ಲು ಹೊದೆಸಿದ ಮನೆ. ಅಂಗಳದಲ್ಲಿ ಮುದುಕಿಯೊಬ್ಬಳು ಹುಣಸೆ ಬೀಜ ಬಿಡಿಸುತ್ತಿದ್ದಳು. ದುಗ್ಗಪ್ಪನ ತಾಯಿ. ಜಯ ಬಾವಿಯ ಹತ್ತಿರದಿಂದ ಬಂದು, ಕೊಡ ಸೊಂಟದ ಮೇಲಿದ್ದಂತೆಯೇ ನಿಂತಳು. ಸಂಕಪ್ಪ ನೆಲದ ಮೇಲೆ ಕೂತ. ಬೋರ್ಡು ಹಾಕಿದ್ದರಿಂದ ಹಿಡಿದು ಕೋರ್ಟಿನ ತನಕ ಒಂದೊಂದಾಗಿ ಹೇಳಿದ. ಬ್ರೇಕಿನ ವಿಷಯ ಅವರಿಗೆ ಅರ್ಥವಾಗುವಂತೆ ಮಣ್ಣಿನಲ್ಲಿ ಬೆರಳಿನಿಂದ ಗೆರೆ ಎಳೆದು ತೋರಿಸಿದ. ಕಳ್ಳಿನ ಮಾತು ಸುಳ್ಳೆಂದ.

ಮುದುಕಿ ಕೇಳಿದ್ದು ಒಂದೇ. "ಅವನು ಕೂಗಿದನಾ? ಬಾವ ಕೂಗಿದನಾ ನನ್ನ ಮಗನನ್ನು?"

"ಕೂಗಿದ ಅಮ್ಮ. ಮೇಲಿನ ಗುಡ್ಡದಲ್ಲಿದ್ದವರಿಗೂ ಕೇಳಿಸಿತ್ತು. ಲಾರಿಯ ಸದ್ದಿಗೆ ಇವನಿಗೆ ಕೇಳಲಿಲ್ಲ."

ಮುದುಕಿ ತಲೆ ತಗ್ಗಿಸಿ ಮತ್ತೆ ಹುಣಸೆಗೆ ಕೈಹಾಕಿದಳು. ಆದರೆ ಬೀಜ ಬಿಡಿಸಲಿಲ್ಲ, ಸುಮ್ಮನೆ ಹಿಡಿದುಕೊಂಡಳು.

ಜಯ ಕೊಡವನ್ನು ಕೆಳಗಿಟ್ಟಳು. "ಅವರು ಜೈಲಿನಿಂದ ನೇರ ಇಲ್ಲಿಗೇ ಬಂದಿದ್ದರು," ಎಂದಳು. ಅವಳ ದನಿ ಏರಲಿಲ್ಲ. "ಈ ಅಂಗಳದಲ್ಲೇ ನಿಂತು, ಮಗುವನ್ನು ಒಮ್ಮೆ ಕೊಡು ಅಂದರು. ನಾನು ಕೊಡಲಿಲ್ಲ. ಬಾಗಿಲು ಹಾಕಿದೆ. ಮಧ್ಯಾಹ್ನದ ತನಕ ಬಿಸಿಲಲ್ಲಿ ನಿಂತಿದ್ದರು. ನಾನು ಸಂದಿಯಿಂದ ನೋಡ್ತಾ ಇದ್ದೆ. ಅದನ್ನು ನಾನು ಈಗ ಎಂತ ಮಾಡ್ಲಿ, ಹೇಳಿ? ನೀವು ಹೇಳಿದಿರಿ, ನಿಮ್ಮದು ಹಗುರ ಆಯ್ತು. ನನ್ನದು?"

ಸಂಕಪ್ಪ ಕೂತಲ್ಲೇ ಇದ್ದ. ಬೈದಿದ್ದರೆ, ಹೊಡೆದಿದ್ದರೆ ತಡೆದುಕೊಳ್ಳಬಹುದಿತ್ತು. ತಾನು ಕೆಡಿಸಿದ್ದು ಒಬ್ಬನ ಹೆಸರನ್ನು ಮಾತ್ರ ಎಂದು ಮೂರು ವರ್ಷ ಅಂದುಕೊಂಡಿದ್ದ. ಈ ಬಾಗಿಲು, ಈ ಬಿಸಿಲು ಅವನ ಲೆಕ್ಕದಲ್ಲಿಯೇ ಇರಲಿಲ್ಲ.

"ಇನ್ನು ಹೋಗಿ," ಎಂದಳು ಜಯ.

ಮರುದಿನ ಅವನು ಒಬ್ಬ ವಕೀಲರ ಹತ್ತಿರ ಹೋದ. ಅವರು ಕನ್ನಡಕ ತೆಗೆದು ಅವನನ್ನು ನೋಡಿದರು. ಸಜೆ ಮುಗಿದಾಗಿದೆ, ಮಾಲಕ ಊರಲ್ಲಿಲ್ಲ, ಈಗ ಹೇಳಿದರೆ ಸುಳ್ಳು ಸಾಕ್ಷಿಗಾಗಿ ನಿಮ್ಮ ಮೇಲೆಯೇ ಕೇಸಾದೀತು, ಸುಮ್ಮನಿರಿ ಎಂದರು. ಕೇಸಾಗಲಿ ಎಂದ ಸಂಕಪ್ಪ. ನಡೆದದ್ದನ್ನೆಲ್ಲ ಬರೆಸಿ, ಸಹಿ ಹಾಕಿ, ಒಂದು ಪ್ರತಿಯನ್ನು ಪೊಲೀಸ್ ಠಾಣೆಗೆ, ಒಂದನ್ನು ಕೋರ್ಟಿಗೆ ಕೊಟ್ಟ. ಸೂಟ್‌ಕೇಸಿನಲ್ಲಿ ಎರಡು ಜೊತೆ ಬಟ್ಟೆ ಇಟ್ಟುಕೊಂಡು ವಾರಗಟ್ಟಲೆ ಕಾದ. ಯಾರೂ ಕರೆಯಲಿಲ್ಲ. ಠಾಣೆಗೆ ಹೋಗಿ ಕೇಳಿದರೆ ಹಳೆಯ ಸಬ್ ಇನ್‌ಸ್ಪೆಕ್ಟರಿಗೆ ವರ್ಗವಾಗಿತ್ತು, ಹೊಸಬರಿಗೆ ಆ ವಿಷಯವೇ ಗೊತ್ತಿರಲಿಲ್ಲ. ಅವನಿಗೆ ಶಿಕ್ಷೆಯೂ ಸಿಗಲಿಲ್ಲ.

ಜಮಾಲುದ್ದೀನ್ ಸಾಹೇಬರಿಗೂ ತಾನೇ ಹೋಗಿ ಹೇಳಿದ. ಸಾಹೇಬರು ಗಡ್ಡ ನೀವುತ್ತ ಕೂತು, "ನಾನು ನಿಮ್ಮನ್ನು ಬಿಡಿಸುವುದಿಲ್ಲ ಸಂಕಪ್ಪ. ಆದರೆ ಇನ್ನು ನನ್ನ ಡ್ರೈವರುಗಳು ನಿಮ್ಮ ಮಾತು ನಂಬಬೇಕಾದರೆ ಸಮಯ ಬೇಕು, ಅದು ನಿಮಗೆ ಗೊತ್ತಿರಲಿ," ಎಂದರು. ಹಾಗೆಯೇ ಆಯಿತು. ಅವನು ಸರಿ ಎಂದ ಲಾರಿಯನ್ನು ಡ್ರೈವರುಗಳು ಒಮ್ಮೆ ಸುತ್ತು ಬಂದು, ಬ್ರೇಕು ಒತ್ತಿ ನೋಡಿಯೇ ಹತ್ತುತ್ತಿದ್ದರು.

ದೀಪಾವಳಿ ಕಳೆದು ಕೆಲವು ದಿನಗಳಲ್ಲಿ ಜಯ ಮಗಳೊಂದಿಗೆ ವಾಮಂಜೂರಿಗೆ ಮರಳಿದಳೆಂದು ಉಮಾವತಿಯಿಂದ ತಿಳಿಯಿತು. ಮುದುಕಿಯೂ ಜೊತೆಗೆ ಬಂದಿದ್ದಳಂತೆ. ಸಂಕಪ್ಪನಿಗೆ ಮೂರು ವರ್ಷದಲ್ಲಿ ಮೊದಲ ಸಲ ಉಸಿರು ಸಲೀಸಾಗಿ ಬಂತು. ಅಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಆದರೆ ಅವನಿಗೆ ಇನ್ನೊಂದು ಆಸೆ ಹುಟ್ಟಿತು. ಮಾಯಿಲಪ್ಪನನ್ನು ಮತ್ತೆ ಯಂತ್ರದ ಮೇಲೆ ಕೂರಿಸಬೇಕು.

ಪಣಂಬೂರಿನ ಕಡೆ ಆಗ ಹೊಸ ಬಂದರಿನ ಕೆಲಸ ನಡೆಯುತ್ತಿತ್ತು. ಯಂತ್ರ ಓಡಿಸುವವರು ಎಷ್ಟಿದ್ದರೂ ಸಾಲದು. ಸಂಕಪ್ಪ ಅಲ್ಲಿನ ಒಬ್ಬ ಕಂತ್ರಾಟುದಾರನ ಹತ್ತಿರ ಹೋಗಿ, ನಡೆದದ್ದನ್ನೆಲ್ಲ ಹೇಳಿ, ಇವನಷ್ಟು ಒಳ್ಳೆಯ ಕೈ ನಾನು ಸೈನ್ಯದಲ್ಲಿಯೂ ನೋಡಿಲ್ಲ ಎಂದು ಒಪ್ಪಿಸಿದ. ಓಡಿ ಬಂದು ಮಾಯಿಲಪ್ಪನಿಗೆ ಹೇಳಿದ. ಬೇಡ ಎಂದ ಮಾಯಿಲಪ್ಪ. ಮುಂದಿನ ವರ್ಷ ಇನ್ನೊಂದು ಕಡೆ ಜಾಗವಿತ್ತು. ಆಗಲೂ ಬೇಡ ಎಂದ. 1969ರಲ್ಲಿ ಸಂಕಪ್ಪ ಮತ್ತೆ ಹೋದ. ಹೊಸ ಯಂತ್ರ, ಬ್ರೇಕು ಎಲ್ಲ ಬೇರೆ ರೀತಿಯದ್ದು, ಒಮ್ಮೆ ಬಂದು ನೋಡು ಮಾರಾಯ, ನೋಡಿದರೆ ನಿನ್ನ ಕೈಯೇ ಕೇಳುತ್ತದೆ ಎಂದು ಉತ್ಸಾಹದಿಂದ ಹೇಳುತ್ತ ಹೋದ.

ಮಾಯಿಲಪ್ಪ ಪೂರ್ತಿ ಕೇಳಿದ. ಆಮೇಲೆ ಜಯಳನ್ನು ಒಳಗೆ ಹೋಗಲು ಹೇಳಿ, ಅಂಗಳದ ಅಂಚಿನ ತನಕ ಸಂಕಪ್ಪನ ಜೊತೆ ನಡೆದು ಬಂದ.

"ನೀವು ಹೀಗೆ ಬಂದು ಕೇಳುವುದನ್ನು ನಿಲ್ಲಿಸಿ," ಎಂದ ಮೆಲ್ಲಗೆ. "ನೀವು ಕೇಳಿದಾಗೆಲ್ಲ ನನ್ನ ಕಾಲು ಬ್ರೇಕು ಒತ್ತುತ್ತದೆ. ನಿದ್ದೆಯಲ್ಲಿಯೂ ಒತ್ತುತ್ತದೆ. ಜಯ ಎಬ್ಬಿಸ್ತಾಳೆ. ಒಂದು ವಾರ ಬೇಕು ಸರಿಯಾಗಲಿಕ್ಕೆ. ನಿಮ್ಮ ಮನಸ್ಸು ಹಗುರ ಆಗಲಿ ಅಂತ ನನಗೆ ಹತ್ತಲಿಕ್ಕೆ ಆಗುವುದಿಲ್ಲ."

ಕೊನೆಯ ಮಾತು ಸಂಕಪ್ಪನಿಗೆ ತಟ್ಟಿತು. ಇವನಿಗಾಗಿ ಎಂದು ಓಡಾಡಿದ್ದೆಲ್ಲ ತನಗಾಗಿ ಎಂದು ಅವನಿಗೆ ಆಗ, ಆ ಅಂಗಳದ ಅಂಚಿನಲ್ಲಿ, ಅರ್ಥವಾಯಿತು.

"ಇನ್ನು ಕೇಳುವುದಿಲ್ಲ," ಎಂದ.

"ಹಾಗಾದರೆ ಆಯ್ತು."

ಸಂಕಪ್ಪ ಮತ್ತೆ ಕೇಳಲಿಲ್ಲ. ಪೇಟೆಯಲ್ಲಿ ಕೆಲವೊಮ್ಮೆ ಎದುರು ಸಿಗುತ್ತಿದ್ದರು. ಮಾಯಿಲಪ್ಪ ಕೈಗಾಡಿಯನ್ನು ಬದಿಗೆ ತೆಗೆದುಕೊಂಡರೆ ಸಂಕಪ್ಪ ತಲೆಯಾಡಿಸುತ್ತಿದ್ದ, ಅವನೂ ತಲೆಯಾಡಿಸುತ್ತಿದ್ದ. ಮಳೆಯ ಮಾತು, ಮಗಳ ಶಾಲೆಯ ಮಾತು, ಅದಕ್ಕಿಂತ ಹೆಚ್ಚು ಇಲ್ಲ. ಆಮೇಲೆ ಒಬ್ಬರು ಬಂದರಿನ ಕಡೆಗೆ, ಇನ್ನೊಬ್ಬರು ಪೇಟೆಯ ಕಡೆಗೆ ಹೋಗುತ್ತಿದ್ದರು.